ಗೊಬ್ಬರದ ಗುಂಡಿಯಲ್ಲಿ ಮೊಟ್ಟೆ ಸಿಕ್ಕಿವೆ. ಯಾವ ಹಾವಿನದು, ಮರಿ ಮಾಡಿಸಬಹುದಾ?

ಆಲ್ದೂರು ತೋಟ | ಮೇ 6, ರಾತ್ರಿ 8.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ಬೇಗ ಹೇಳಿ.

ನಮ್ಮದು ಚಿಕ್ಕಮಗಳೂರು ತಾಲ್ಲೂಕು, ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಮಳೆ ಹಿಡಿಯುವ ಮುಂಚೆ ಗಿಡಕ್ಕೆ ಗೊಬ್ಬರ ಹಾಕಿಸಿಬಿಡೋಣ ಅಂತ ಇವತ್ತು ಬೆಳಿಗ್ಗೆ ಕೊಟ್ಟಿಗೆ ಹಿಂದಿನ ಗುಂಡಿ ಬಗೆಸುತ್ತಿದ್ದೆ. ಸಗಣಿ, ದರಗು, ಹೋದ ವರ್ಷದ ಕಾಫಿ ಸಿಪ್ಪೆ ಎಲ್ಲಾ ಸೇರಿ ಕೊಳೆತ ಹಳೇ ರಾಶಿ. ಸುಮಾರು ಒಂದೂವರೆ ಅಡಿ ಕೆಳಗೆ ಗುದ್ದಲಿಗೆ ಏನೋ ಮೆತ್ತಗೆ ಸಿಕ್ಕಿತು. ನೋಡಿದರೆ ಬಿಳಿ ಮೊಟ್ಟೆಗಳು. ಎರಡು ಅಲ್ಲೇ ಕತ್ತರಿಸಿಹೋದವು. ಒಳಗೆ ಹಳದಿ ಭಂಡಾರ, ಸ್ವಲ್ಪ ರಕ್ತ, ಕೆಂಪು ದಾರದ ಹಾಗೆ ಸುತ್ತಿಕೊಂಡ ಏನೋ ಒಂದು. ಅದು ಮಿಸುಕಾಡಿತು ಅಂತ ಕೆಲಸದವರು ಹೇಳುತ್ತಾರೆ, ನಾನು ನೋಡಲಿಲ್ಲ, ನೋಡಲು ಮನಸ್ಸೂ ಬರಲಿಲ್ಲ.

ಉಳಿದ 12 ಮೊಟ್ಟೆಗಳನ್ನು ದರಗಿನ ಸಮೇತ ಮಂಕರಿಗೆ ಹಾಕಿಸಿ ಕೊಟ್ಟಿಗೆ ಮೂಲೆಯಲ್ಲಿ ಇಡಿಸಿದ್ದೇನೆ. ಅಮ್ಮ ನಾಗರ ಹಾವಿನದೇ ಅನ್ನುತ್ತಿದ್ದಾರೆ. ಕೆಲಸದವರು ಕೇರೆ ಅನ್ನುತ್ತಾರೆ. ನನ್ನ ಮಗನಿಗೆ ಹನ್ನೊಂದು ವರ್ಷ, ಅವನು ಬಲ್ಬ್ ಹಾಕಿ ಮರಿ ಮಾಡೋಣ ಅಪ್ಪ ಅಂತ ಹಠ ಹಿಡಿದಿದ್ದಾನೆ. ಮೊಟ್ಟೆ ನೋಡಿ ಯಾವ ಹಾವು ಅಂತ ಹೇಳಲು ಆಗುತ್ತದಾ? ಕಾವು ಕೊಟ್ಟು ಮರಿ ಮಾಡಿಸಿ ಕಾಡಿಗೆ ಬಿಡಬಹುದಾ?

ಅರಸೀಕೆರೆ ತೆಂಗು | ಮೇ 6, ರಾತ್ರಿ 9.12

ಮೊದಲು ಅದು ಹಾವಿನದೇ ಹೌದಾ ನೋಡಿ ಸಾರ್. ಬಿಳಿಯಾಗಿ ಕಂಡಿದ್ದೆಲ್ಲ ಹಾವಿನ ಮೊಟ್ಟೆ ಅಂತ ನಾವು ಹೆದರಿ ಸತ್ತಿದ್ದೇವೆ. ನಮ್ಮ ಮನೆಯಲ್ಲಿ ಒಮ್ಮೆ ದೇವರ ಫೋಟೋ ಹಿಂದೆ ಎರಡು ಮೊಟ್ಟೆ ಸಿಕ್ಕಿ ದೊಡ್ಡ ರಾದ್ಧಾಂತವೇ ಆಗಿತ್ತು, ನಮ್ಮ ಅತ್ತೆ ಅವತ್ತು ಊಟ ಮಾಡಲಿಲ್ಲ. ಆಮೇಲೆ ಗೊತ್ತಾಯಿತು ಹಲ್ಲಿಯದು ಅಂತ. ಹಲ್ಲಿ ಮೊಟ್ಟೆ ದುಂಡಗೆ, ಕಡಲೆಕಾಳಿನಷ್ಟು, ಸಿಪ್ಪೆ ಗಟ್ಟಿ, ಸಾಮಾನ್ಯವಾಗಿ ಎರಡೆರಡೇ ಇರುತ್ತವೆ.

ಓತಿಕ್ಯಾತದ್ದು ಮೆತ್ತಗೇ ಇರುತ್ತದೆ, ಮಣ್ಣಲ್ಲಿ ಹೂತಿರುತ್ತದೆ, ಆದರೆ ಸಣ್ಣದು, ಒಂದು ಒಂದೂವರೆ ಸೆಂಟಿಮೀಟರ್. ತೋಟದ ಮಣ್ಣಲ್ಲಿ ನೆನೆಸಿದ ಸಾಬಕ್ಕಿ ಹಾಗೆ ನೂರಾರು ಸಿಕ್ಕರೆ ಅದು ಆಫ್ರಿಕನ್ ಬಸವನಹುಳು, ಅದಕ್ಕೆ ಮಾತ್ರ ಕರುಣೆ ತೋರಿಸಬೇಡಿ. ಇನ್ನು ಹುತ್ತದಲ್ಲಿ ಉದ್ದನೆ ಮೊಟ್ಟೆ ಸಿಕ್ಕರೆ ಉಡದ್ದೂ ಇರಬಹುದು. ಒಂದು ಜಾತಿ ಅಣಬೆ ಅರಳುವ ಮುಂಚೆ ಥೇಟ್ ಮೊಟ್ಟೆ ಹಾಗೇ ಇರುತ್ತದೆ, ಕುಯ್ದರೆ ಲೋಳೆ ಲೋಳೆ. ನಿಮ್ಮದರಲ್ಲಿ ರಕ್ತ ಇತ್ತು ಅಂದಮೇಲೆ ಅಣಬೆ ಅಲ್ಲ ಬಿಡಿ.

ಅಳತೆ ಎಷ್ಟು? ಒತ್ತಿದರೆ ಗಟ್ಟಿಯೋ ಮೆತ್ತಗೋ? ಒಂದಕ್ಕೊಂದು ಅಂಟಿವೆಯಾ?

ಆಲ್ದೂರು ತೋಟ | ಮೇ 6, ರಾತ್ರಿ 9.30

ಸ್ಕೇಲ್ ಇಟ್ಟು ನೋಡಿದೆ. ಉದ್ದ ಐದು ಸೆಂಟಿಮೀಟರ್, ಅಗಲ ಎರಡೂವರೆಯಿಂದ ಮೂರು. ಎರಡೂ ತುದಿ ಒಂದೇ ಥರ ದುಂಡು, ಕೋಳಿ ಮೊಟ್ಟೆ ಹಾಗೆ ಒಂದು ಕಡೆ ಚೂಪಿಲ್ಲ. ಸಿಪ್ಪೆ ಚಕ್ಕಳದ ಹಾಗಿದೆ, ಬೆರಳಿಟ್ಟರೆ ಸ್ವಲ್ಪ ಒಳಗೆ ಹೋಗುತ್ತದೆ. ಒಂಬತ್ತು ಒಂದಕ್ಕೊಂದು ಅಂಟಿ ಗೊಂಚಲಾಗಿವೆ, ಮೂರು ಬಿಡಿ. ಗೊಂಚಲನ್ನು ಸಲಿಕೆಯಲ್ಲಿ ಇದ್ದ ಹಾಗೇ ಎತ್ತಿದರಂತೆ. ಬಿಡಿ ಮೂರು ಮಾತ್ರ ಉರುಳಿ ಹೋಗಿದ್ದವು.

ಹಾಸನ ಗ್ಯಾರೇಜ್ | ಮೇ 6, ರಾತ್ರಿ 9.41

ಮಗನಿಗೆ ಬೇಜಾರು ಮಾಡಬೇಡಿ ಬ್ರದರ್, ಈಸಿ ಇದೆ. ಥರ್ಮಾಕೋಲ್ ಬಾಕ್ಸ್ ತಗೊಳ್ಳಿ, 40 ವ್ಯಾಟ್ ಬಲ್ಬ್, ಒಂದು ಬಟ್ಟಲು ನೀರು. ನಾನು ನಾಟಿ ಕೋಳಿ ಮೊಟ್ಟೆ ಹಿಂಗೇ ಮಾಡುತ್ತೇನೆ. 37.5 ಡಿಗ್ರಿಗೆ ಥರ್ಮೋಸ್ಟಾಟ್ ಇಟ್ಟು ದಿನಾ ಮೂರು ಸಲ ಮೊಟ್ಟೆ ತಿರುಗಿಸಬೇಕು, ಅಷ್ಟೇ.

ಕೊಪ್ಪದ ಮಳೆ | ಮೇ 6, ರಾತ್ರಿ 9.44

ದಯವಿಟ್ಟು ಮೇಲಿನದನ್ನು ಮಾಡಬೇಡಿ!! ಮೊಟ್ಟೆ ತಿರುಗಿಸಬೇಡಿ, ಬಲ್ಬ್ ಹಾಕಬೇಡಿ. ಊಟ ಬಡಿಸುತ್ತಿದ್ದೇನೆ, ಹತ್ತು ನಿಮಿಷದಲ್ಲಿ ಬಂದು ಪೂರ್ತಿ ಬರೆಯುತ್ತೇನೆ.

ಬಿಸಿಲೆ ಘಾಟಿ | ಮೇ 6, ರಾತ್ರಿ 9.58

ಮೇಡಂ ಬರುವಷ್ಟರಲ್ಲಿ ಯಾವ ಹಾವು ಅನ್ನುವ ಪ್ರಶ್ನೆಗೆ ನಾನು ಹೇಳುತ್ತೇನೆ. ನಾನು ಸಕಲೇಶಪುರದ ಕಡೆಯವನು, ಹಾವು ಹಿಡಿಯುವವರ ಜೊತೆ ಚೀಲ ಹಿಡಿದುಕೊಂಡು ಓಡಾಡಿದ್ದು ಹನ್ನೆರಡು ವರ್ಷ. ಹಿಡಿಯುವವನು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ.

ಬರೀ ಮೊಟ್ಟೆ ನೋಡಿ ಇಂಥದ್ದೇ ಹಾವು ಅಂತ ಹೇಳುವವರನ್ನು ನಂಬಬೇಡಿ. ಐದು ಸೆಂಟಿಮೀಟರಿನ ಬಿಳಿ ಚಕ್ಕಳದ ಮೊಟ್ಟೆ ನಾಗರದ್ದೂ ಆಗಬಹುದು, ಕೇರೆಯದ್ದೂ ಆಗಬಹುದು. ಎರಡೂ ಗೊಬ್ಬರದ ಗುಂಡಿ, ಇಲಿ ಬಿಲ, ಹುತ್ತ ಇಂಥ ಕಡೆಯೇ ಇಡುವುದು. ನಾಗರ 12ರಿಂದ 30 ಇಡುತ್ತದೆ, ಕೇರೆ ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ, ಆದರೆ ನಿಮ್ಮ 14 ಅನ್ನುವ ಲೆಕ್ಕ ಎರಡಕ್ಕೂ ಹೊಂದುತ್ತದೆ. ಹಾಗಾಗಿ ಎಣಿಸಿ ಪ್ರಯೋಜನವಿಲ್ಲ.

ಯಾವುದು ಅಲ್ಲ ಅಂತ ಮಾತ್ರ ಹೇಳಬಹುದು. ಕೊಳಕುಮಂಡಲ ಅಲ್ಲವೇ ಅಲ್ಲ, ಅದು ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ಕಾಫಿ ಬುಡದ ದರಗಿನಲ್ಲಿ ಮೂಗು ಮೇಲೆತ್ತಿಕೊಂಡು ಸುರುಳಿ ಸುತ್ತಿ ಕೂರುವ ಸಣ್ಣ ಮಂಡಲದ ಹಾವು ಇದೆಯಲ್ಲ, ಅದೂ ಮರಿಯೇ. ಹಸಿರು ಹಾವು, ಮಣ್ಣುಮುಕ್ಕ, ಇವೂ ಅಷ್ಟೇ. ಹೆಬ್ಬಾವಿನದಾದರೆ ಮೊಟ್ಟೆ ಇದರ ಎರಡರಷ್ಟು ದೊಡ್ಡದು, ತಾಯಿ ಸುತ್ತಿಕೊಂಡು ಮಲಗಿರುತ್ತದೆ, ಮೈ ನಡುಗಿಸಿ ನಡುಗಿಸಿ ಕಾವು ಕೊಡುತ್ತದೆ. ನೀರೊಳ್ಳೆಯದು ಇಷ್ಟು ದೊಡ್ಡದಿರುವುದಿಲ್ಲ, ಲೆಕ್ಕ ಮಾತ್ರ ಜಾಸ್ತಿ. ಕಟ್ಟುಹಾವಿನದ್ದೂ ಇದಕ್ಕಿಂತ ಸಣ್ಣದು.

ಕಾಳಿಂಗ ಅಂತ ಯಾರಾದರೂ ಹೆದರಿಸಿದರೆ ಅದಕ್ಕೂ ಉತ್ತರ ಇದೆ. ಕಾಳಿಂಗದ ಹೆಣ್ಣು ದರಗನ್ನು ಮೈಯಿಂದ ಎಳೆದು ಎಳೆದು ಗುಡ್ಡೆ ಮಾಡಿ ಗೂಡು ಕಟ್ಟಿ ಅದರೊಳಗೆ ಇಡುತ್ತದೆ, ಮೇಲೆ ತಾನೇ ಕಾವಲು ಕೂರುತ್ತದೆ. ಗುದ್ದಲಿ ಹಾಕುವ ಮುಂಚೆಯೇ ನಿಮಗೆ ಗೊತ್ತಾಗುತ್ತಿತ್ತು ಬಿಡಿ. (ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ ನಮ್ಮ ಕನ್ನಡದ 'ಕಾಳಿಂಗ'ವನ್ನೇ ಇಟ್ಟರು. ಅವತ್ತು ನನಗೆ ಸುಮ್ನೆ ಖುಷಿಯೋ ಖುಷಿ.)

ಹಾಗಾಗಿ ನಾಗರ ಅಂತಲೇ ಅಂದುಕೊಂಡು ನಡೆದುಕೊಳ್ಳಿ. ನಾಗರದ ಹೆಣ್ಣು ಮೊಟ್ಟೆ ಹತ್ತಿರವೇ ಇರುವುದು ಜಾಸ್ತಿ. ಗುಂಡಿ ಹತ್ತಿರ ರಾತ್ರಿ ಹೋಗಬೇಡಿ, ಮಗನನ್ನಂತೂ ಬಿಡಲೇಬೇಡಿ. ಅಕ್ಕಪಕ್ಕ ಪೊರೆ ಏನಾದರೂ ಬಿದ್ದಿದೆಯಾ ಬೆಳಿಗ್ಗೆ ನೋಡಿ. ಪೊರೆ ಸಿಕ್ಕರೆ ಮೊಟ್ಟೆಗಿಂತ ಜಾಸ್ತಿ ವಿಷಯ ಹೇಳುತ್ತದೆ.

ಕೊಪ್ಪದ ಮಳೆ | ಮೇ 6, ರಾತ್ರಿ 10.20

ಸರಿ, ಬಂದೆ. ನಾನು ಪ್ರಾಣಿಶಾಸ್ತ್ರ ಓದಿದವಳು, ಈಗ ಅಡಿಕೆ ಸುಲಿಸುವುದೇ ಕೆಲಸ, ಅದು ಬೇರೆ ಕಥೆ.

ಗ್ಯಾರೇಜ್ ಅಣ್ಣ, ನಿಮ್ಮ ಕೋಳಿ ಲೆಕ್ಕ ಕೋಳಿಗೆ ಸರಿ. ಕೋಳಿ ಮೊಟ್ಟೆಯನ್ನು ತಿರುಗಿಸದಿದ್ದರೆ ಮರಿ ಸಿಪ್ಪೆಗೆ ಅಂಟಿ ಸಾಯುತ್ತದೆ. ಹಾವಿನ ಮೊಟ್ಟೆ ಪೂರ್ತಿ ಉಲ್ಟಾ. ಇಟ್ಟ ಒಂದೆರಡು ದಿನದಲ್ಲೇ ಒಳಗಿನ ಮರಿ ಮೇಲ್ಭಾಗದ ಪೊರೆಗೆ ಅಂಟಿಕೊಂಡು ಅಲ್ಲಿಂದ ಉಸಿರಾಡುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಭಂಡಾರದ ಭಾರವೆಲ್ಲ ಮರಿಯ ಮೇಲೆ ಬಿದ್ದು ಉಸಿರು ಕಟ್ಟಿ ಹೋಗುತ್ತದೆ. ಇನ್ನು 37.5 ಡಿಗ್ರಿ ಅಂದರೆ ಬೇಯಿಸಿದ ಹಾಗೆ. ಹಾವಿನ ಮೊಟ್ಟೆಗೆ 28ರಿಂದ 31 ಸಾಕು. ಅದಕ್ಕಿಂತ ಬಿಸಿಯಾದರೆ ಬೆನ್ನು ಸೊಟ್ಟಗಿರುವ ಮರಿ ಬರುತ್ತವೆ, ಇಲ್ಲಾ ಬರುವುದೇ ಇಲ್ಲ.

ಆಲ್ದೂರು ಸಾರ್, ಈಗಲೇ ಮಾಡಬೇಕಾದ್ದು ಇಷ್ಟು. ಗೊಂಚಲನ್ನು ಬಿಡಿಸಬೇಡಿ, ಅಂಟಿರುವುದನ್ನು ಎಳೆದರೆ ಸಿಪ್ಪೆ ಹರಿಯುತ್ತದೆ. ಮೇಲೆ ಯಾವ ಕಡೆ ಇದೆಯೋ ಅಲ್ಲಿ ಪೆನ್ಸಿಲ್‌ನಲ್ಲಿ ಮೆಲ್ಲಗೆ ಒಂದು ಗುರುತು ಹಾಕಿ. ಪೆನ್ನು, ಮಾರ್ಕರ್ ಬೇಡ. ಬಿಡಿ ಮೂರನ್ನು ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಹಿಡಿದು ನೋಡಿ, ಒಂದೇ ಸಲ, ಬೇಗ. ಒಳಗೆ ಗುಲಾಬಿ ಬಣ್ಣ, ಕೆಂಪು ನರಗಳ ಬಲೆ ಕಂಡರೆ ಜೀವ ಇದೆ. ಬರೀ ಹಳದಿ ಕಂಡರೆ ಬಹುಶಃ ಜೊಳ್ಳು. ನರಗಳೆಲ್ಲ ಕೂಡುವ ಕಡೆ ಯಾವುದೋ ಅದನ್ನು ಮೇಲೆ ಮಾಡಿ ಇಡಿ. ಗ್ಲೌಸ್ ಇಲ್ಲದಿದ್ದರೆ ಸೋಪು ಹಾಕಿ ಕೈ ತೊಳೆದುಕೊಂಡು ಮುಟ್ಟಿ, ಮುಟ್ಟಿದ ಮೇಲೂ ತೊಳೆಯಿರಿ.

ಈಗ ಮರಿ ಮಾಡಿಸುವ ವಿಷಯ. ಇದರಲ್ಲಿ ನಾನು ಕೈ ಸುಟ್ಟುಕೊಂಡವಳು, ಅದಕ್ಕೇ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ಕೆರೆ ಹೂಳೆತ್ತುವ ಜೆಸಿಬಿ ಬಾಯಿಂದ ನೀರೊಳ್ಳೆ ಮೊಟ್ಟೆ 22 ಉಳಿಸಿಕೊಂಡು ತಂದೆ. ಪ್ಲಾಸ್ಟಿಕ್ ಡಬ್ಬಿ, ತೆಂಗಿನ ನಾರಿನ ಪುಡಿ, ಎಲ್ಲಾ ಸರಿಯಾಗೇ ಮಾಡಿದ್ದೆ. ಒಣಗುತ್ತವೆ ಅನ್ನುವ ಭಯಕ್ಕೆ ದಿನಾ ಬೆಳಿಗ್ಗೆ ಮೊಟ್ಟೆಯ ಮೇಲೇ ನೀರು ಚಿಮುಕಿಸುತ್ತಿದ್ದೆ. ವಾರದಲ್ಲಿ ಬೂಸಲು. ಒಂದರಿಂದ ಇನ್ನೊಂದಕ್ಕೆ ಹಬ್ಬಿತು. ಕೊನೆಗೆ ಮರಿಯಾದದ್ದು ನಾಲ್ಕು. ಆ ಡಬ್ಬಿಯ ವಾಸನೆ ಈಗಲೂ ನೆನಪಿದೆ. ಹಾವಿನ ಮೊಟ್ಟೆಗೆ ತೇವ ಬೇಕು, ಒದ್ದೆ ಬೇಡ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಮುದ್ದೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆಯನ್ನು ಅದರಲ್ಲಿ ಅರ್ಧ ಹೂತು, ಮುಚ್ಚಳಕ್ಕೆ ಸಣ್ಣ ತೂತು ಹಾಕಿ, ಹೊಗೆಯಿಲ್ಲದ ಬೆಚ್ಚನೆ ಜಾಗದಲ್ಲಿ ಇಟ್ಟು ಮರೆತುಬಿಡಬೇಕು. ಮರೆಯುವುದೇ ಕಷ್ಟ.

ಇದೆಲ್ಲ ಗೊತ್ತಿದ್ದೂ ನಾನು ಹೇಳುವುದು ಮನೆಯಲ್ಲಿ ಮಾಡಬೇಡಿ ಅಂತಲೇ. ಒಂದು ಕಾರಣ ನಮ್ಮ ಮಲೆನಾಡಿನ ಹವೆ. ಜೂನ್ ಬಂದರೆ ರಾತ್ರಿ ಮನೆಯೊಳಗೇ 20 ಡಿಗ್ರಿ ಆಗುತ್ತದೆ, ಮೇಲಿಂದ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಯಾವ ಬಲ್ಬ್ ನಂಬುತ್ತೀರಿ? ಹಾವು ದಡ್ಡ ಅಲ್ಲ. ಗೊಬ್ಬರದ ರಾಶಿ ಕೊಳೆಯುವಾಗ ಹುಟ್ಟುವ ಬಿಸಿಯನ್ನು ನೋಡಿಕೊಂಡೇ ಅಲ್ಲಿ ಇಟ್ಟಿದೆ. ನಡುವಿನ ಹೊಸ ಸಗಣಿ ಕೈ ಸುಡುವಷ್ಟು ಬಿಸಿ ಇರುತ್ತದೆ, ಅಲ್ಲಿ ಇಡುವುದಿಲ್ಲ, ಅಂಚಿನ ಹಳೇ ಗೊಬ್ಬರದಲ್ಲಿ ಹದ ನೋಡಿ ಇಡುತ್ತದೆ. ಕರೆಂಟ್ ಬಿಲ್ ಇಲ್ಲದ ಇನ್‌ಕ್ಯುಬೇಟರ್ ಅದು.

ಇನ್ನೊಂದು ಕಾನೂನು. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಹಾವಿನ ಮೊಟ್ಟೆಯೂ ಸೇರುತ್ತದೆ. ಮೊಟ್ಟೆ ಕೆಡಿಸುವುದು, ಗೂಡು ಕೆದಕುವುದು ಬೇಟೆಯ ಲೆಕ್ಕಕ್ಕೇ ಬರುತ್ತದೆ. 2022ರ ತಿದ್ದುಪಡಿ ಆದಮೇಲೆ ನಾಗರ, ಕೇರೆ, ಕಾಳಿಂಗ ಎಲ್ಲಾ ಒಂದನೇ ಪಟ್ಟಿಯಲ್ಲಿವೆ. ತಪ್ಪಿತಸ್ಥ ಅಂತಾದರೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಮ್ಮಿಯಿಲ್ಲದ ದಂಡ. ಗುದ್ದಲಿಗೆ ಗೊತ್ತಿಲ್ಲದೆ ಸಿಕ್ಕಿದ್ದು ಬೇರೆ, ಗೊತ್ತಿದ್ದೂ ಡಬ್ಬಿಯಲ್ಲಿ ಸಾಕುವುದು ಬೇರೆ. ಬೆಳಿಗ್ಗೆ 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ, ಇಲ್ಲಾ ನಿಮ್ಮ ರೇಂಜ್ ಆಫೀಸಿಗೆ ಹೇಳಿ. ಅವರು ಹೇಳಿದ ಹಾಗೆ ಮಾಡಿ.

ಮತ್ತೆ ಮಗನಿಗೆ ಇದನ್ನು ಓದಿಸಿ. ನಾಗರದ ಮರಿ ಮೊಟ್ಟೆಯಿಂದ ಹೊರಗೆ ಬರುವಾಗಲೇ ಹೆಡೆ ಎತ್ತುತ್ತದೆ, ವಿಷವೂ ಇರುತ್ತದೆ. ಮರಿ ತಾನೇ ಅಂತ ಕೈ ಹಾಕುವ ಹಾಗಿಲ್ಲ.

ಹಾಸನ ಗ್ಯಾರೇಜ್ | ಮೇ 6, ರಾತ್ರಿ 10.31

ಸಾರಿ ಅಕ್ಕ. ತಿರುಗಿಸಬಾರದು ಅಂತ ನಿಜವಾಗಲೂ ಗೊತ್ತಿರಲಿಲ್ಲ. ನನ್ನ ಪೋಸ್ಟ್ ಅಳಿಸಲಾ?

ಕೊಪ್ಪದ ಮಳೆ | ಮೇ 6, ರಾತ್ರಿ 10.33

ಬೇಡ ಬೇಡ ಇರಲಿ, ಇನ್ನೊಬ್ಬರೂ ಹಾಗೇ ಅಂದುಕೊಂಡಿರುತ್ತಾರೆ. ಓದಿದರೆ ತಿಳಿಯುತ್ತದೆ.

ನಾಗಬನದ ದಾರಿ | ಮೇ 7, ಬೆಳಿಗ್ಗೆ 6.15

ಎರಡು ಮೊಟ್ಟೆ ಒಡೆದಿದೆ ಅಂತ ಓದಿ ಮನಸ್ಸಿಗೆ ಕಷ್ಟ ಆಯಿತು. ಬೇಕಂತ ಮಾಡಿದ್ದಲ್ಲ, ನಿಜ. ಆದರೂ ನಿಮ್ಮ ಮನೆ ಪುರೋಹಿತರನ್ನು ಒಮ್ಮೆ ಕೇಳಿ. ನಮ್ಮ ಕಡೆ ಹೀಗಾದರೆ ಉಳಿದ ಮೊಟ್ಟೆ ನಾಗಬನದಲ್ಲಿ ಇಟ್ಟು ಹಾಲೆರೆದು ಬರುತ್ತಾರೆ. ಇನ್ನು ಅದು ಕೇರೆಯೋ ನಾಗರವೋ ಅಂತ ಜಗಳ ಯಾಕೆ, ಎರಡೂ ಗಂಡ ಹೆಂಡತಿ ಅಲ್ವಾ. ಗದ್ದೆ ಬದುವಿನಲ್ಲಿ ಎರಡೂ ಹೆಣೆದುಕೊಂಡು ಎದ್ದು ನಿಂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಬಿಸಿಲೆ ಘಾಟಿ | ಮೇ 7, ಬೆಳಿಗ್ಗೆ 7.05

ನೀವು ನೋಡಿದ್ದು ನಿಜ ಯಜಮಾನರೇ, ಹೇಳಿದ ಅರ್ಥ ಮಾತ್ರ ಬೇರೆ. ಹಾಗೆ ಹೆಣೆದುಕೊಂಡು ನಿಲ್ಲುವುದು ಎರಡು ಗಂಡು ಕೇರೆಗಳು. ಅದು ಕುಸ್ತಿ, ಸರಸ ಅಲ್ಲ. ಕೇರೆ ಬಣ್ಣ ಒಂದರದ್ದು ಕಪ್ಪು, ಇನ್ನೊಂದರದ್ದು ಹಳದಿ ಇದ್ದರೆ ಒಂದು ನಾಗರ ಅಂತ ಅನಿಸಿಬಿಡುತ್ತದೆ. ಎರಡು ಜಾತಿಗೂ ಸಂಬಂಧ ಇಲ್ಲ, ಒಂದಕ್ಕೆ ವಿಷವೇ ಇಲ್ಲ.

ಪೂಜೆ ಬೇಡ ಅನ್ನುವುದಿಲ್ಲ, ನಮ್ಮ ಮನೆಯಲ್ಲೂ ಪಂಚಮಿಗೆ ಹಾಲೆರೆಯುತ್ತಾರೆ. ಆದರೆ ಮೊಟ್ಟೆ ಬನದಲ್ಲಿ ಕಲ್ಲಿನ ಮೇಲೆ ಇಟ್ಟು ಬಂದರೆ ಮಧ್ಯಾಹ್ನದೊಳಗೆ ಮುಂಗುಸಿಯೋ ಕಾಗೆಯೋ ಮುಗಿಸುತ್ತವೆ. ಪೂಜೆ ಬನದಲ್ಲಿ ಮಾಡಿ, ಮೊಟ್ಟೆ ಗುಂಡಿಯಲ್ಲಿ ಇರಲಿ.

ನಾಗಬನದ ದಾರಿ | ಮೇ 7, ಬೆಳಿಗ್ಗೆ 7.20

ಕುಸ್ತಿನಾ? ಅರವತ್ತು ವರ್ಷ ಕೈ ಮುಗಿದದ್ದು ಕುಸ್ತಿಗಾ ಮಾರಾಯ್ರೆ! ಆಗಲಿ. ಗುಂಡಿಯಲ್ಲೇ ಇರಲಿ.

ಆಲ್ದೂರು ತೋಟ | ಮೇ 7, ಸಂಜೆ 6.40

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಆಗಿದ್ದು ಹೇಳುತ್ತೇನೆ.

ರಾತ್ರಿಯೇ ಟಾರ್ಚ್ ಹಿಡಿದು ನೋಡಿದೆವು. ಬಿಡಿ ಮೂರರಲ್ಲಿ ಎರಡರಲ್ಲಿ ನರ ಕಂಡಿತು, ಒಂದು ಬರೀ ಹಳದಿ. ಮಗ ಆ ಕೆಂಪು ಬಲೆ ನೋಡಿ ಒಂದು ಮಾತೂ ಆಡಲಿಲ್ಲ. ಆಮೇಲೆ ಬಲ್ಬಿನ ಸುದ್ದಿಯನ್ನೂ ಎತ್ತಲಿಲ್ಲ.

ಬೆಳಿಗ್ಗೆ 1926ಕ್ಕೆ ಮಾಡಿದೆ. ಹನ್ನೊಂದು ಗಂಟೆಗೆ ರೇಂಜ್ ಆಫೀಸಿನಿಂದ ಇಬ್ಬರು ಬಂದರು. ಗುಂಡಿಯಲ್ಲಿ ನಾವು ಬಗೆಯದ ಅರ್ಧ ಭಾಗ ಹಾಗೇ ಇತ್ತು. ಅದರ ಅಂಚಿನಲ್ಲೇ ಒಂದಡಿ ಆಳ ತೋಡಿ, ಪೆನ್ಸಿಲ್ ಗುರುತು ಮೇಲೆ ಬರುವ ಹಾಗೆ ಇಟ್ಟು, ಹಳೇ ಗೊಬ್ಬರವನ್ನೇ ಸಡಿಲವಾಗಿ ಮುಚ್ಚಿದರು. ಒತ್ತಬೇಡಿ ಅಂದರು. ಮನೆಯ ಥರ್ಮಾಮೀಟರ್ ಅಲ್ಲಿ ಚುಚ್ಚಿ ನೋಡಿದರೆ 30 ತೋರಿಸಿತು, ಕೊಪ್ಪದ ಮೇಡಂ ಹೇಳಿದ ಲೆಕ್ಕಕ್ಕೆ ಕರೆಕ್ಟ್. ಮಳೆ ನೀರು ಒಳಗೆ ನಿಲ್ಲದ ಹಾಗೆ ಮೇಲೆ ಎರಡಡಿ ಎತ್ತರಕ್ಕೆ ತಗಡು ಓರೆಯಾಗಿ ಕಟ್ಟಿಸಿದ್ದೇನೆ, ಸುತ್ತ ಕಾಲುವೆ ತೆಗೆಸಿದ್ದೇನೆ. ನಾಯಿ, ಹಂದಿ ಕೆದಕದ ಹಾಗೆ ಕಲ್ಲು. ಕಲ್ಲಿನ ನಡುವೆ ಸಂದು ಬಿಟ್ಟಿದ್ದೇವೆ, ಮರಿ ಹೊರಗೆ ಹೋಗಬೇಕಲ್ಲ.

ಪೊರೆ ಸಿಕ್ಕಿತು! ಕೊಟ್ಟಿಗೆ ಗೋಡೆ ಸಂದಿಯಲ್ಲಿ, ಗುಂಡಿಯಿಂದ ಹತ್ತು ಹೆಜ್ಜೆ. ತಲೆ ಭಾಗ ಪೂರ್ತಿ ಇದೆ, ಬಾಲದ ತುದಿ ಹರಿದಿದೆ. ಇದ್ದಷ್ಟೇ ಆರೂವರೆ ಅಡಿ. ಅಮ್ಮ ಅದನ್ನು ಮನೆಯೊಳಗೆ ತರಲು ಬಿಡುತ್ತಿಲ್ಲ. ಫೋಟೋ ಹಾಕಿದ್ದೇನೆ.

ಬಿಸಿಲೆ ಘಾಟಿ | ಮೇ 7, ರಾತ್ರಿ 8.10

ಮುಖದ ಪಕ್ಕದ ಫೋಟೋ ಬೇಕು, ಮೂಗಿನಿಂದ ಕಣ್ಣಿನವರೆಗೆ. ಹತ್ತಿರದಿಂದ.

ಆಲ್ದೂರು ತೋಟ | ಮೇ 7, ರಾತ್ರಿ 8.35

ಹಾಕಿದೆ. ಮಗನೇ ತೆಗೆದ. ಭೂತಗನ್ನಡಿ ಹಿಡಿದು.

ಬಿಸಿಲೆ ಘಾಟಿ | ಮೇ 7, ರಾತ್ರಿ 9.02

ಭೇಷ್. ಫೋಟೋ ಚೆನ್ನಾಗಿ ಬಂದಿದೆ. ಈಗ ನೋಡಿ, ಮೂಗಿನ ಹೊಳ್ಳೆ ಇರುವ ಚಿಪ್ಪು ಒಂದು, ಕಣ್ಣಿಗೆ ಮುಂದೆ ತಾಗಿರುವ ಚಿಪ್ಪು ಇನ್ನೊಂದು. ನಾಗರದಲ್ಲಿ ಇವೆರಡೂ ನೇರ ಒಂದಕ್ಕೊಂದು ತಾಗಿರುತ್ತವೆ, ನಡುವೆ ಬೇರೆ ಚಿಪ್ಪು ಇರುವುದಿಲ್ಲ. ಕಟ್ಟುಹಾವಿನಲ್ಲೂ ಅಷ್ಟೇ. ನಿಮ್ಮ ಫೋಟೋದಲ್ಲಿ ನಡುವೆ ಸಣ್ಣ ಸಣ್ಣ ಚಿಪ್ಪು ಮೂರು ಇವೆ, ಎಣಿಸಿ. ಅದು ಕೇರೆಯ ಗುರುತು. ಕಣ್ಣಿನ ಚಿಪ್ಪೂ ಎಷ್ಟು ದೊಡ್ಡದಿದೆ ನೋಡಿ, ಬಟ್ಟಲಿನ ಹಾಗೆ. ಆರೂವರೆ ಅಡಿ ಉದ್ದವೂ ನಾಗರಕ್ಕೆ ಜಾಸ್ತಿಯೇ ಆಯಿತು.

ಆದರೆ ಒಂದು ಮಾತು. ಪೊರೆ ಕೇರೆಯದು ಅಂದ ಮಾತ್ರಕ್ಕೆ ಮೊಟ್ಟೆಯೂ ಅದರದ್ದೇ ಅಂತ ಆಗಲಿಲ್ಲ. ಕೊಟ್ಟಿಗೆಯಲ್ಲಿ ಇಲಿ ಇದ್ದರೆ ಎರಡು ಮೂರು ಹಾವು ಬಂದು ಹೋಗುತ್ತವೆ. ನನಗೆ ಮುಕ್ಕಾಲು ಪಾಲು ಕೇರೆ ಅನಿಸುತ್ತದೆ. ಉಳಿದ ಕಾಲು ಪಾಲಿಗೆ ಗಂಬೂಟು ಹಾಕಿಕೊಂಡೇ ಓಡಾಡಿ.

ಅರಸೀಕೆರೆ ತೆಂಗು | ಮೇ 8, ಬೆಳಿಗ್ಗೆ 9.20

ಕೇರೆ ಆಗಿದ್ದರೆ ಅದೃಷ್ಟ ಸಾರ್. ನಮ್ಮ ಕಡೆ ತೆಂಗಿನ ತೋಟದಲ್ಲಿ ಕೇರೆ ಕಂಡರೆ ಯಾರೂ ಹೊಡೆಯುವುದಿಲ್ಲ, ಇಲಿ ಎಳನೀರು ತೂತು ಹಾಕುವುದು ಎಷ್ಟು ಕಮ್ಮಿಯಾಗುತ್ತದೆ ಅಂತ ಬೆಳೆಗಾರರಿಗೇ ಗೊತ್ತು. ಮೊಟ್ಟೆ ಒಡೆಯಲು ಎಷ್ಟು ದಿನ ಬೇಕು?

ಕೊಪ್ಪದ ಮಳೆ | ಮೇ 8, ಬೆಳಿಗ್ಗೆ 10.45

ಕೇರೆಗೂ ನಾಗರಕ್ಕೂ ಇಟ್ಟ ದಿನದಿಂದ ಎರಡು ತಿಂಗಳು ಆಸುಪಾಸು. ಬಿಸಿ ಕಮ್ಮಿಯಾದರೆ ಇನ್ನೂ ತಡ. ಒಡೆದ ಮೊಟ್ಟೆಯಲ್ಲಿ ಮರಿ ದಾರದಷ್ಟಿತ್ತು ಅಂದರೆ ಇಟ್ಟು ಕೆಲವು ದಿನಗಳಾಗಿವೆ, ಜೂನ್ ಕೊನೆಯಲ್ಲಿ ನೋಡಿ.

ನಡುವೆ ಕೆದಕಿ ನೋಡುವ ಆಸೆ ಬರುತ್ತದೆ, ಬೇಡ. ಮೊಟ್ಟೆ ನೀರು ಹೀರಿ ದಪ್ಪ ಆಗುತ್ತಾ ಹೋಗುತ್ತದೆ, ಒಡೆಯುವ ಹತ್ತಿರ ಸ್ವಲ್ಪ ಕುಗ್ಗಿ ಗುಳಿ ಬೀಳುತ್ತದೆ. ಅದನ್ನು ನೋಡಿ ಒಣಗಿತು ಅಂತ ನೀರು ಸುರಿದವರನ್ನು ನೋಡಿದ್ದೇನೆ. ಮರಿಯ ಮೂತಿಯ ತುದಿಯಲ್ಲಿ ಸಣ್ಣ ಹಲ್ಲು ಇರುತ್ತದೆ, ಅದರಿಂದ ಸಿಪ್ಪೆ ಸೀಳಿ ಮೂತಿ ಹೊರಗೆ ಹಾಕಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಹಾಗೇ ಕೂತಿರುತ್ತದೆ. ಉಳಿದ ಭಂಡಾರ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಪಾಪ ಸಿಕ್ಕಿಹಾಕಿಕೊಂಡಿದೆ ಅಂತ ಎಳೆದರೆ ಅಲ್ಲಿಗೆ ಕಥೆ ಮುಗಿಯಿತು.

ಹೊರಗೆ ಬಂದ ಮೇಲೆ ನೀವು ಏನೂ ತಿನ್ನಿಸಬೇಕಾಗಿಲ್ಲ. ಮೊದಲ ಪೊರೆ ಬಿಡುವವರೆಗೆ, ಅಂದರೆ ಒಂದು ವಾರ ಹತ್ತು ದಿನ, ಆ ಭಂಡಾರದಲ್ಲೇ ಇರುತ್ತವೆ.

ಆಲ್ದೂರು ತೋಟ | ಜೂನ್ 25, ಮಧ್ಯಾಹ್ನ 2.30

ಮರೆತಿಲ್ಲ ತಾನೇ? ಮಳೆ ಜೋರಿದೆ, ನಾಲ್ಕು ದಿನದಿಂದ ಕರೆಂಟ್ ಇರಲಿಲ್ಲ, ಇವತ್ತು ಬಂತು. ಥರ್ಮಾಕೋಲ್ ಬಾಕ್ಸ್ ಮಾಡಿದ್ದರೆ ಏನಾಗುತ್ತಿತ್ತು ಅಂತ ಮನೆಯಲ್ಲಿ ಅದೇ ಮಾತು.

ನಿನ್ನೆ ಬೆಳಿಗ್ಗೆ ಹಾಲು ಕರೆಯಲು ಹೋದ ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ಒಂದು ಮರಿ ನೋಡಿದರು. ಒಂದು ಅಡಿಗಿಂತ ಸ್ವಲ್ಪ ಉದ್ದ, ಸಪೂರ, ಬೂದು ಬಣ್ಣ, ಮೈ ಮೇಲೆ ಅಡ್ಡ ಪಟ್ಟೆ, ಮೈಗೆ ಹೋಲಿಸಿದರೆ ಕಣ್ಣು ಸಿಕ್ಕಾಪಟ್ಟೆ ದೊಡ್ಡದು. ಕಾಲು ಸಪ್ಪಳಕ್ಕೆ ಹೆಡೆಗಿಡೆ ಎತ್ತಲಿಲ್ಲ, ಸರ್ ಅಂತ ಕಲ್ಲಿನ ಸಂದಿಗೆ ಓಡಿತು. ಅಮ್ಮ ಕೂಗಿಕೊಂಡರು, ಆದರೆ ನಮ್ಮನ್ನು ಕರೆದಿದ್ದು ಕೋಲು ತರಲು ಅಲ್ಲ, ನೋಡಲು.

ಇವತ್ತು ರೇಂಜ್ ಆಫೀಸಿನವರಿಗೆ ಫೋನ್ ಮಾಡಿ ಕೇಳಿ, ಗಂಬೂಟು ಹಾಕಿಕೊಂಡು ಮೇಲಿಂದ ಕೋಲಲ್ಲಿ ನಿಧಾನಕ್ಕೆ ಗೊಬ್ಬರ ಸರಿಸಿದೆ. ಗೊಂಚಲಿನ ಒಂಬತ್ತರಲ್ಲಿ ಎಂಟು ಖಾಲಿ. ಸಿಪ್ಪೆಯಲ್ಲಿ ಬ್ಲೇಡಿನಲ್ಲಿ ಕುಯ್ದ ಹಾಗೆ ಒಂದೋ ಎರಡೋ ಉದ್ದ ಗೀರು. ಒಂದು ಸುಕ್ಕಾಗಿ ಕಪ್ಪಾಗಿತ್ತು. ಬಿಡಿ ಮೂರರಲ್ಲಿ ಒಂದೇ ಖಾಲಿ. ಆ ಹಳದಿಯದು ಬೂಸಲು ಹಿಡಿದಿದೆ, ಇನ್ನೊಂದರಲ್ಲಿ ಮರಿ ಪೂರ್ತಿ ಬೆಳೆದು ಒಳಗೇ ಸತ್ತಿದೆ. ಅದು ಉರುಳಿದ್ದರಿಂದಲೇ ಹಾಗಾಯಿತಾ?

ಬಿಸಿಲೆ ಘಾಟಿ | ಜೂನ್ 25, ಮಧ್ಯಾಹ್ನ 3.15

ಅಡ್ಡ ಪಟ್ಟೆ, ದೊಡ್ಡ ಕಣ್ಣು, ಒಂದಡಿ ಮೇಲೆ ಉದ್ದ, ಓಟ. ಕೇರೆ ಮರಿ. ಈಗ ಕಾಲು ಪಾಲಿನ ಅನುಮಾನವೂ ಹೋಯಿತು. ಗೀರು ಬಿದ್ದ ಸಿಪ್ಪೆ ಅಂದರೆ ಮರಿ ತಾನೇ ಸೀಳಿ ಹೋಗಿದೆ. ಮುಂಗುಸಿ, ಉಡ ತಿಂದಿದ್ದರೆ ಸಿಪ್ಪೆ ಚಿಂದಿಯಾಗಿ ಹೊರಗೆ ಬಿದ್ದಿರುತ್ತಿತ್ತು.

ಕೊಪ್ಪದ ಮಳೆ | ಜೂನ್ 25, ಸಂಜೆ 4.50

ಹನ್ನೆರಡರಲ್ಲಿ ಒಂಬತ್ತು! ನನ್ನ 22ಕ್ಕೆ ನಾಲ್ಕು ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಪೂರ್ತಿ ಬೆಳೆದು ಒಳಗೇ ಸಾಯುವುದು ಮುಟ್ಟದ ಗೂಡಿನಲ್ಲೂ ಆಗುತ್ತದೆ ಸಾರ್. ಉರುಳಿದ್ದೇ ಕಾರಣ ಆಗಿದ್ದರೆ ಅಷ್ಟು ದೊಡ್ಡದಾಗುವವರೆಗೆ ಬದುಕುವುದು ಕಷ್ಟ. ಕೆಲಸದವರನ್ನು ಬೈಯಬೇಡಿ.

ಆಲ್ದೂರು ತೋಟ | ಜೂನ್ 25, ಸಂಜೆ 5.20

ಬೈದಿಲ್ಲ ಮೇಡಂ. ಕೇರೆ ಅಂತ ಮೊದಲು ಹೇಳಿದ್ದೇ ಅವರು, ಈಗ ನಮಗೇ ಬೈಯುತ್ತಿದ್ದಾರೆ.

ಕೊನೆಯ ಪ್ರಶ್ನೆ. ಉಳಿದ ಅರ್ಧ ಗುಂಡಿಯ ಗೊಬ್ಬರ ಇನ್ನೂ ಹಾಗೇ ಇದೆ, ಅದನ್ನು ಯಾವಾಗ ತೆಗೆಸಬಹುದು?

ಬಿಸಿಲೆ ಘಾಟಿ | ಜೂನ್ 25, ರಾತ್ರಿ 7.40

ಮರಿಗಳು ಚದುರಲಿ, ಹದಿನೈದು ದಿನ ಬಿಡಿ. ಮಳೆಯಲ್ಲಿ ಗೊಬ್ಬರ ಹೊರಿಸಲೂ ಆಗುವುದಿಲ್ಲ ಅಲ್ವಾ. ತೆಗೆಸುವಾಗ ಒಂದು ಬದಿಯಿಂದ ಮೇಲೆ ಮೇಲೆ ತೆಗೆಸಿ, ನಡುವೆ ಗುದ್ದಲಿ ಹೊಡೆಸಬೇಡಿ. ಮುಂದಿನ ವರ್ಷ ಫೆಬ್ರವರಿಯೊಳಗೇ ಗುಂಡಿ ಖಾಲಿ ಮಾಡಿಸಿ, ಮೊಟ್ಟೆ ಇಡುವ ಕಾಲಕ್ಕೆ ಮುಂಚೆ. ಮೂಲೆಯಲ್ಲಿ ಒಂದು ಸಣ್ಣ ರಾಶಿ ಮಾತ್ರ ಬಿಟ್ಟಿರಿ.